ಸುತ್ತುದಾರಿಯ ಶ್ರೀಶೈಲ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ ಶಾಲೆಯಲ್ಲಿ, ಏಳನೆಯ ತರಗತಿಯಲ್ಲಿ, ನಾನು ಬರೆದಿದ್ದ ಒಂದು ಪ್ರಬಂಧ. ‘ನಾನು ಕಂಡ ಶ್ರೀಶೈಲ’ ಎಂಬುದು ಅದರ ವಿಷಯ. ನಾನು ಶ್ರೀಶೈಲವನ್ನು ಕಂಡಿರಲಿಲ್ಲ. ಆದರೂ ಬೆಟ್ಟ, ಹೊಳೆ, ಹುಲಿ, ಗೋಪುರ ಎಲ್ಲವನ್ನೂ ಧಾರಾಳವಾಗಿ ಸೇರಿಸಿ ಎರಡು ಪುಟ ತುಂಬಿಸಿ ಒಪ್ಪಿಸಿದ್ದೆ. ಕನ್ನಡದ ಗುರುಗಳು ಅದನ್ನು ಓದಿ, ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದು, ಅಂಕ ಕೊಡದೆ ಕೆಳಗೆ ಒಂದೇ ಸಾಲು ಬರೆದಿದ್ದರು: ‘ನೋಡಿ ಬಂದು ಮತ್ತೆ ಬರೆ.’

ಆ ಗುರುಗಳು ಈಗಿಲ್ಲ. ನಲವತ್ತು ವರ್ಷಕ್ಕೂ ಮಿಕ್ಕಿ ತಡವಾದ ಆ ಬರವಣಿಗೆಯನ್ನು ಈಗ ಈ ಸಂಚಿಕೆಯ ಮೂಲಕ ಒಪ್ಪಿಸುತ್ತಿದ್ದೇನೆ. ತಡವಾದದ್ದೇಕೆಂಬುದೂ ಇದರಲ್ಲಿಯೇ ಬರುತ್ತದೆ.

ಗುರುಗಳು ನಮಗೆ ಆ ವಿಷಯವನ್ನು ಕೊಟ್ಟದ್ದಕ್ಕೆ ಕಾರಣವಿತ್ತು. ನಮ್ಮ ಐಜ ಶ್ರೀಶೈಲದ ಹಾದಿಯ ಊರು. ಯುಗಾದಿ ಹತ್ತಿರವಾಯಿತೆಂದರೆ ರಾಯಚೂರಿನ ಕಡೆಯಿಂದ, ಅಂದಿನ ವಿಜಾಪುರ ಜಿಲ್ಲೆಯ ಕಡೆಯಿಂದ ಕಾಲ್ನಡಿಗೆಯ ಭಕ್ತರು ತಂಡ ತಂಡವಾಗಿ ನಮ್ಮೂರ ಮೇಲೆ ಹಾದು ಹೋಗುತ್ತಿದ್ದರು. ಹೆಗಲ ಮೇಲೆ ಕಂಬಿ, ಕೈಯಲ್ಲಿ ಕೋಲು, ಬಾಯಲ್ಲಿ ಮಲ್ಲಯ್ಯನ ಹೆಸರು. ಶಾಲೆಯ ಪಡಸಾಲೆಯಲ್ಲಿ ಅವರು ರಾತ್ರಿ ತಂಗುತ್ತಿದ್ದರು. ಅವರಿಗೆ ಕೊಡದಿಂದ ನೀರು ಹನಿಸುವ ಕೆಲಸ ನಮಗೆ, ಮಕ್ಕಳಿಗೆ. ಶ್ರೀಶೈಲದ ಭ್ರಮರಾಂಬೆ ಕನ್ನಡಿಗರ ಮನೆಮಗಳೆಂದೂ ಮಲ್ಲಿಕಾರ್ಜುನ ಅಳಿಯನೆಂದೂ ಅವರ ನಂಬಿಕೆ. ಆದುದರಿಂದ ಹಬ್ಬಕ್ಕೆ ಮಗಳ ಮನೆಗೆ ಹೋಗುವವರಂತೆ ಸೀರೆ, ಕುಪ್ಪಸ, ಅರಿಶಿನ, ಕುಂಕುಮ, ಬಳೆ ಕಟ್ಟಿಕೊಂಡು ನಡೆಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣವನ್ನು ಬಿಟ್ಟು ಹೋಗಿ ಐಕ್ಯಳಾದದ್ದು ಅಲ್ಲಿಯ ಕದಳಿಯಲ್ಲಿ. ಸೊನ್ನಲಿಗೆಯ ಸಿದ್ಧರಾಮ ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಹುಡುಕುತ್ತ ಅಳುತ್ತ ಹೋದದ್ದೂ ಅಲ್ಲಿಗೇ. ತೆಲುಗಿನ ಪಾಲ್ಕುರಿಕೆ ಸೋಮನಾಥ ತನ್ನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಒಂದು ಪ್ರಕರಣವನ್ನೇ ಈ ಪರ್ವತದ ಯಾತ್ರೆಗೆ ಮೀಸಲಿಟ್ಟಿದ್ದಾನೆ. ಇವೆಲ್ಲವನ್ನೂ ಗುರುಗಳು ನೀರು ಹನಿಸುವ ನಮಗೆ ಹೇಳುತ್ತಿದ್ದರು.

ನನ್ನ ಅವ್ವನೂ ಈ ನಡೆಯುವವರಲ್ಲಿ ಒಬ್ಬಳು. ಅವಳು ಹುಟ್ಟಿದಾಗ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆಯಾಯಿತು. ಅವ್ವ ಮಾತ್ರ ಅದೇ ಮನೆಯ ಅದೇ ಒಲೆಯ ಮುಂದೆ ಕುಳಿತಿದ್ದಳು. ರಾಜ್ಯ, ಜಿಲ್ಲೆಗಳು ಅವಳ ಸುತ್ತ ತಿರುಗಿದವು. ಯುಗಾದಿಗೆ ಮಗಳ ಮನೆಗೆ ಹೋಗುವ ದಾರಿಯೊಂದು ಬದಲಾಗಲಿಲ್ಲ. ತೆಲುಗು, ಕನ್ನಡ ಎರಡೂ ಅವಳ ಬಾಯಲ್ಲಿ ಸಲೀಸು. ದೇವರ ಹತ್ತಿರ ಮಾತ್ರ ಕನ್ನಡ.

2009ರ ವರೆಗೆ ಅವಳು ನಡೆದೇ ಹೋಗಿ ಬಂದಳು. ಆ ವರ್ಷ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ರಾಜೋಳಿ, ಆಲಂಪುರ, ಕರ್ನೂಲುಗಳಿಗೆ ನೀರು ನುಗ್ಗಿದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ನಮ್ಮ ಮನೆಯಲ್ಲಿ ಅದೇ ಚಳಿಗಾಲದಲ್ಲಿ ಅವ್ವನ ಮೊಣಕಾಲುಗಳು ಕೈಕೊಟ್ಟವು. ಮರುವರ್ಷ ಯುಗಾದಿಗೆ ಅವಳು ಹೇಳಿದಳು: “ತಮ್ಮಾ, ನಡಿಯಾಕ ಆಗೂದಿಲ್ಲ. ನೀನು ಗಾಡ್ಯಾಗ ಕರ್ಕೊಂಡು ಹೋಗು.”

“ಮುಂದಿನ ಯುಗಾದಿಗೆ ಹೋಗೂಣವ್ವ” ಎಂದೆ.

ಆ ವರ್ಷ ಬೀಜದ ಹತ್ತಿಯ ಲೆಕ್ಕ ಚುಕ್ತಾ ಆಗಿರಲಿಲ್ಲ. ಮರುವರ್ಷ ಮಗನ ಪರೀಕ್ಷೆ. ಅದರ ಮರುವರ್ಷ ಬೋರು ಬತ್ತಿತ್ತು. ಬಳಿಕ ಕಾರು ಕೊಂಡ ಮೇಲೆ ಹಾಯಾಗಿ ಹೋಗೋಣ ಎಂದಾಯಿತು. ಕಾರು ಬಂತು, ಕಾರಣಗಳು ಮುಗಿಯಲಿಲ್ಲ. ಒಂದೆರಡು ಬಾರಿ ನನ್ನ ಶ್ರೀಮತಿ, “ನಾನಾದರೂ ಅತ್ತಿಯವರನ್ನ ಬಸ್ಸಿನಾಗ ಕರ್ಕೊಂಡು ಹೋಗಿ ಬರ್ತೀನಿ” ಎಂದಳು. ಮುದುಕಿ ಅಷ್ಟು ದೂರ ಬಸ್ಸಿನಲ್ಲಿ ತಡೆಯುವುದುಂಟೆ ಎಂದು ನಾನೇ ಬೇಡವೆಂದೆ. ಪ್ರತಿ ಬಾರಿಯೂ ಅವ್ವ ಬೇಸರಿಸದೆ, “ಆಗಲಿ ಬಿಡು, ಮಲ್ಲಯ್ಯ ಎಲ್ಲಿ ಹೋಗ್ತಾನ?” ಎನ್ನುತ್ತಿದ್ದಳು.

ಮಲ್ಲಯ್ಯ ಎಲ್ಲಿಗೂ ಹೋಗಲಿಲ್ಲ. 2023ರ ಮಳೆಗಾಲದಲ್ಲಿ ಅವ್ವ ಹೋದಳು. ಹೋಗುವ ಮುನ್ನ ಸೊಸೆಯ ಕೈಗೆ ಸೆರಗಿನ ಗಂಟು ಬಿಚ್ಚಿ ಒಂದಿಷ್ಟು ಹಣ ಕೊಟ್ಟು, “ರಾಜೋಳಿಯ ಮಗ್ಗದ ಮ್ಯಾಲಿನ ಸೀರಿ ತಗೊಂಡು ಅಕಿಗೆ ಮುಟ್ಟಿಸು” ಎಂದಿದ್ದಳು. ನನಗೆ ಏನನ್ನೂ ಹೇಳಲಿಲ್ಲ.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಿದ್ದಿತ್ತು. ಹಬ್ಬದ ಜಂಗುಳಿಗೆ ಅಂಜಿ ಆರು ದಿನ ಮೊದಲೇ ನಾವಿಬ್ಬರು ಕಾರಿನಲ್ಲಿ ಹೊರಟೆವು. ಬೆಳಿಗ್ಗೆ ಎಂಟಕ್ಕೆ ಐಜ ಬಿಟ್ಟು, ಸಂಜೆಯೊಳಗೆ ಬೆಟ್ಟ ಮುಟ್ಟಿ, ಮರುದಿನ ಸೀರೆ ಒಪ್ಪಿಸಿ ರಾತ್ರಿಗೆ ಮನೆ ಸೇರುವುದೆಂದು ನನ್ನ ಲೆಕ್ಕ. ಕರ್ನೂಲಿನಿಂದ ಶ್ರೀಶೈಲ ಸುಮಾರು 180 ಕಿ.ಮೀ. ನಂದಿಕೊಟ್ಕೂರು, ಆತ್ಮಕೂರು, ದೋರ್ನಾಲ ಹಾದು ನಲ್ಲಮಲ ಬೆಟ್ಟಗಳನ್ನು ಏರುವ ದಾರಿ. ಹದಿನಾಲ್ಕು ವರ್ಷ ಆಗದ ಕೆಲಸಕ್ಕೆ ಒಂದೂವರೆ ದಿನ ಸಾಕೆಂದು ನಾನು ಭಾವಿಸಿದ್ದೆ.

ಮೊದಲನೆಯ ಸುತ್ತು ರಾಜೋಳಿಯಲ್ಲಿಯೇ ಬಂತು. ಸೀರೆ ಸಿದ್ಧವಾಗಿದೆ ಎಂದುಕೊಂಡು ಹೋದರೆ ಅದು ಇನ್ನೂ ಮಗ್ಗದ ಮೇಲಿತ್ತು. ಗದ್ವಾಲ ಸೀರೆಯ ಒಡಲು ಹತ್ತಿ. ಅಂಚು, ಸೆರಗು ರೇಷ್ಮೆ. ಎರಡು ಬಗೆಯ ನೂಲನ್ನು ಮಗ್ಗದ ಮೇಲೆಯೇ ಒಂದಕ್ಕೊಂದು ಕೊಂಡಿ ಹಾಕಿದಂತೆ ಕೂಡಿಸಬೇಕು. ಸೆರಗಿನ ಕಡೆಯ ಒಂದು ಗೇಣು ಉಳಿದಿತ್ತು. ನೇಕಾರರ ಮನೆಯೊಡತಿ, “ಅಮ್ಮನವರ ಸೀರೆ, ಅವಸರ ಮಾಡಬಾರದು” ಎಂದು ತೆಲುಗಿನಲ್ಲಿ ಹೇಳಿ ನಮಗೆ ಮಜ್ಜಿಗೆ ಕೊಟ್ಟಳು. ಪ್ರವಾಹದ ರಾತ್ರಿ ತಮ್ಮ ಮಗ್ಗಗಳು ನೀರುಪಾಲಾದುದನ್ನೂ, ಮತ್ತೆ ಮಗ್ಗ ಹೂಡಿದ ಬಗೆಯನ್ನೂ ಆಕೆ ಹೇಳುತ್ತಿದ್ದರೆ ನಾನು ಗಡಿಯಾರವನ್ನು ನೋಡುತ್ತಿದ್ದೆ. ಸೀರೆ ಮಗ್ಗದಿಂದ ಇಳಿದಾಗ ಮಧ್ಯಾಹ್ನ ಎರಡೂವರೆ.

ಎರಡನೆಯದು ಆಲಂಪುರದ ಸುತ್ತು. ಆಲಂಪುರ ಚೌರಸ್ತಾದಲ್ಲಿ ಹೆದ್ದಾರಿಯನ್ನು ಮುಟ್ಟುತ್ತಲೆ ಶ್ರೀಮತಿ, “ಬಾಗಿಲು ದಾಟದ ಮನಿಯೊಳಗ ಹೆಂಗ ಹೋಗೂದು?” ಎಂದಳು. ಶ್ರೀಶೈಲಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಬಾಗಿಲುಗಳು: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ನಮ್ಮ ಕಡೆಯವರಿಗೆ ಆಲಂಪುರವೇ ಬಾಗಿಲು. ಮನಸ್ಸಿಲ್ಲದ ಮನಸ್ಸಿನಿಂದ ಕಾರು ತಿರುಗಿಸಿದೆ. ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳ ನಡುವೆ ನಡೆದು ಜೋಗುಲಾಂಬೆಗೆ ಕೈಮುಗಿದೆವು. ಅಲ್ಲಿಯೇ ಸಂಗಮೇಶ್ವರನ ಗುಡಿಯೊಂದಿದೆ. ಅದು ಮೊದಲು ಇದ್ದದ್ದು ಕೃಷ್ಣಾ–ತುಂಗಭದ್ರಾ ಸಂಗಮದ ಕೂಡವೆಲ್ಲಿಯಲ್ಲಿ. ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದೆಂದು ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಸಾವಿರ ವರ್ಷಕ್ಕೂ ಮೇಲಾದ ಗುಡಿ ತನ್ನ ಜಾಗವನ್ನು ಬಿಟ್ಟು ಬಂದು ನಿಂತ ಬಗೆಯನ್ನು ನೋಡುತ್ತ ಶ್ರೀಮತಿ ಹೊತ್ತು ಮರೆತಳು. ನಾನು ಅವಸರಪಡಿಸಿದೆ.

ಕರ್ನೂಲನ್ನು ದಾಟುವಾಗಲೇ ದೀಪ ಹತ್ತಿದ್ದವು. ನಂದಿಕೊಟ್ಕೂರಿನ ಹತ್ತಿರ ಗಾಲಿಯೊಂದು ಪಂಕ್ಚರ್ ಆಯಿತು, ಬಿಡಿಗಾಲಿಯಲ್ಲಿ ಗಾಳಿಯಿರಲಿಲ್ಲ. ಅದನ್ನು ಸರಿಪಡಿಸಿಕೊಂಡು, ಆತ್ಮಕೂರನ್ನು ಹಿಂದೆ ಹಾಕಿ ಬೈರ್ಲೂಟಿಯ ಅರಣ್ಯ ತಪಾಸಣೆಯ ಗೇಟಿಗೆ ಬರುವಾಗ ಒಂಬತ್ತು ಗಂಟೆ ಹತ್ತು ನಿಮಿಷ. ಗೇಟು ಇಳಿದಿತ್ತು. ನಲ್ಲಮಲದ ಈ ಕಾಡು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಅಭಯಾರಣ್ಯಕ್ಕೆ ಸೇರಿದ್ದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ವಾಹನಗಳಿಗೆ ಪ್ರವೇಶವಿಲ್ಲ. ಹತ್ತೇ ನಿಮಿಷವೆಂದು ನಾನು ಅಂಗಲಾಚಿದೆ. ಕಾವಲುಗಾರ ಸಿಟ್ಟಾಗದೆ ಕತ್ತಲೆಯ ಕಡೆಗೆ ಕೈ ತೋರಿಸಿ, “ಒಂಬತ್ತರ ಮೇಲೆ ಈ ರಸ್ತೆ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಅದರದ್ದು” ಎಂದ. ಹುಲಿಯ ಹೆಸರನ್ನು ಅವನು ಎತ್ತಲಿಲ್ಲ.

ಕಾರಿಗೆ ಹಿಂದಿರುಗಿ, ರಾಜೋಳಿಯಲ್ಲಿ ಹೊತ್ತು ಹೋಯಿತೆಂದೂ ಆಲಂಪುರಕ್ಕೆ ಹೋಗಬಾರದಿತ್ತೆಂದೂ ನಾನು ಗೊಣಗಿದೆ. ಶ್ರೀಮತಿ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, “ಹದಿನಾಕು ವರ್ಷ ತಡಾ ಮಾಡಿದವರಿಗೆ ಒಂದು ರಾತ್ರಿ ಯಾಕ ಇಷ್ಟು ಭಾರ ಆಗ್ತೈತ್ರಿ?” ಎಂದಳು.

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಕಾರು ಹಿಂದಕ್ಕೆ ತಿರುಗಿತು.

ಆತ್ಮಕೂರಿನ ಹೊರಗೆ ಕರ್ನಾಟಕದ ಭಕ್ತರು ಹಾಕಿದ ಅನ್ನದಾನದ ಶಾಮಿಯಾನವಿತ್ತು. ಯುಗಾದಿಯ ಕಾಲಕ್ಕೆ ಈ ದಾರಿಯುದ್ದಕ್ಕೂ ಇಂಥ ಸೇವೆ ನಡೆಯುತ್ತದೆ. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಗೋದಿಯ ಹುಗ್ಗಿ, ಮಜ್ಜಿಗೆ. ನಡೆದು ಬಂದವರ ಸಾಲಿನಲ್ಲಿ ಕಾರಿನಿಂದ ಇಳಿದವರು ಕೂಡಲು ನಾಚಿಕೆಯಾಯಿತು. ಯಾರೂ ಕೇಳಲಿಲ್ಲ, ಬಡಿಸಿದರು. ಚಾಪೆಯ ಮೇಲೆ ಮಲಗಿದಾಗ ಶ್ರೀಮತಿ ಮೆಲ್ಲಗೆ ಹೇಳಿದಳು: “ನಿಮಗ ಅಂದದ್ದು ತಪ್ಪಾತು. ತಪ್ಪು ನಂದೂ ಐತಿ. ನೀವು ಬ್ಯಾಡ ಅಂದ್ರೂ ನಾ ಅತ್ತಿಯವರನ್ನ ಬಸ್ ಹತ್ತಿಸಿಕೊಂಡು ಹೋಗಬೇಕಿತ್ತು. ನಿಮ್ಮ ಮಾತಿಗೆ ಸುಮ್ಮನಾದೆ.” ಅವ್ವ ತೀರಿಕೊಂಡ ಮೇಲೆ ನಾವಿಬ್ಬರು ಈ ಮಾತನ್ನು ಆಡಿದ್ದು ಅದೇ ಮೊದಲು. ಮನೆಯಲ್ಲಾಗಿದ್ದರೆ ಆಡುತ್ತಲೇ ಇರಲಿಲ್ಲವೇನೋ.

ನಸುಕಿನ ನಾಲ್ಕು ಗಂಟೆಗೆ ಪಕ್ಕದಲ್ಲಿ ಯಾರೋ ಅಳುವುದು ಕೇಳಿ ಎಚ್ಚರವಾಯಿತು. ಎಪ್ಪತ್ತು ದಾಟಿದ ತಾಯಿಯೊಬ್ಬಳು, ಜಮಖಂಡಿಯ ಕಡೆಯವಳು. ಏಪ್ರಿಲಿನ ಡಾಂಬರಿನ ಮೇಲೆ ನಡೆದು ಅಂಗಾಲು ಬೊಬ್ಬೆ ಎದ್ದು ಒಡೆದು, ಪಾದ ಬಾತುಕೊಂಡಿತ್ತು. ಇನ್ನು ನಡೆಯಬಾರದು, ಬೆಳಗಾದ ಮೇಲೆ ಬಸ್ಸು ಹತ್ತು ಎಂದು ಶಿಬಿರದವರು ತಾಕೀತು ಮಾಡಿದ್ದರು. ಬಿಸಿಲಿಗೆ ಮೊದಲೇ ಹಾದಿ ಸವೆಸಲೆಂದು ಅವಳ ತಂಡ ನಡುರಾತ್ರಿಯೇ ಹೊರಟಿತ್ತು. ಸೊಸೆಯ ಹೆಗಲಿನ ಚೀಲದಲ್ಲಿ ಈಕೆಯ ಸೀರೆಯೂ ಉಡಿಯಕ್ಕಿಯೂ ಹೋಗಿದ್ದವು.

“ಬಸ್ಸಿಗೆ ಹೋಗೂದು ಬ್ಯಾಡ ಅನ್ನಂಗಿಲ್ಲ ಯವ್ವಾ. ಬರಿಗೈಲೆ ಮಗಳ ಮನಿಗೆ ಹೆಂಗ ಹೋಗಲಿ?” ಎಂದಳು ಆಕೆ.

ಅವಳ ತಂಡ ಹೊತ್ತು ಮೂಡುವುದಕ್ಕೆ ನಾಗಲೂಟಿಯಲ್ಲಿ ತಂಗಿ, ಅಲ್ಲಿಂದ ಬೆಟ್ಟ ಹತ್ತುವುದೆಂದು ತಿಳಿಯಿತು. ಕಾಡಿನಲ್ಲಿ ಫೋನು ಸಿಗದು. ಶ್ರೀಮತಿ ಎದ್ದು ಕೂದಲು ಕಟ್ಟಿಕೊಳ್ಳುತ್ತ, “ಏಳ್ರಿ, ಕಾರು ತೆಗೀರಿ” ಎಂದಳು. ಅದು ನಮ್ಮ ದಾರಿಯಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಆತ್ಮಕೂರಿನಿಂದ ವಾಹನದ ರಸ್ತೆ ಪೂರ್ವಕ್ಕೆ ದೋರ್ನಾಲದ ತನಕ ಹೋಗಿ, ಅಲ್ಲಿಂದ ಎಡಕ್ಕೆ ತಿರುಗಿ ಬೆಟ್ಟವನ್ನು ಬಳಸಿ ಶ್ರೀಶೈಲಕ್ಕೆ ಬರುತ್ತದೆ, ನೂರು ಕಿ.ಮೀ.ಗೂ ಮಿಕ್ಕಿದ ದಾರಿ. ಕಾಲ್ನಡಿಗೆಯವರು ವೆಂಕಟಾಪುರದಿಂದ ನಾಗಲೂಟಿ, ಪೆಚೆರುವು, ಭೀಮುನಿಕೊಲನು, ಕೈಲಾಸದ್ವಾರಗಳ ಮೂಲಕ ನೆಟ್ಟಗೆ ಹತ್ತಿ ಇಳಿದು ಹೋಗುತ್ತಾರೆ. ಅದು ಅದರ ಅರ್ಧಕ್ಕಿಂತ ಕಡಿಮೆ. ಅವ್ವ ನಡೆಯುತ್ತಿದ್ದುದು ಈ ನೇರ ದಾರಿಯಲ್ಲಿ. ಕಾರಿನ ದಾರಿಯೇ ಸುತ್ತುದಾರಿ. ಇಷ್ಟು ವರ್ಷ ನಾನು ಅದನ್ನು ತಿರುಗುಮುರುಗಾಗಿ ತಿಳಿದಿದ್ದೆ.

ವೆಂಕಟಾಪುರವನ್ನು ದಾಟಿ ಕಾಡಿನ ಮಣ್ಣುಹಾದಿಯಲ್ಲಿ, ನೀರಿನ ಟ್ರ್ಯಾಕ್ಟರುಗಳ ಗಾಲಿಯ ಗುರುತು ಹಿಡಿದು ಮೆಲ್ಲಗೆ ಸಾಗಿದೆವು. ಹಾದಿಯ ಎರಡು ಬದಿಗೂ ನಡೆಯುವವರ ಸಾಲು. ಆ ತಾಯಿ ಮುಂದಿನ ಆಸನದಲ್ಲಿ ಕೋಲನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಕುಳಿತಿದ್ದಳು. ಅವ್ವನನ್ನು ಕೂರಿಸಬೇಕೆಂದು ನಾನು ಹದಿನಾಲ್ಕು ವರ್ಷ ಅಂದುಕೊಂಡ ಜಾಗ ಅದು. ಯಾವ ಊರು ತಮ್ಮಾ ಎಂದು ಕೇಳಿದಳು. ಐಜ ಎಂದೆ.

“ಐಜದಾಗ ಒಂದು ಕನ್ನಡ ಸಾಲಿ ಐತಲ್ಲ, ಅಲ್ಲೇ ನೀರು ಕುಡದು ಕೂಡ್ತಿದ್ವಿ. ಸಣ್ಣ ಹುಡುಗರು ಚರಿಗಿ ತಗೊಂಡು ಓಡಿ ಬರ್ತಿದ್ವು” ಎಂದಳು. ಅವಳು ಯಾವ ವರ್ಷದ ಮಾತನ್ನು ಹೇಳುತ್ತಿದ್ದಳೋ. ಆ ಹುಡುಗರಲ್ಲಿ ನಾನೂ ಒಬ್ಬ ಎಂದು ಹೇಳಬೇಕೆನಿಸಿತು. ಗಂಟಲು ಕಟ್ಟಿದುದರಿಂದ ಹೇಳಲಾಗಲಿಲ್ಲ.

ನಾಗಲೂಟಿಯಲ್ಲಿ ವೀರಭದ್ರನ ಗುಡಿಯ ಹತ್ತಿರದ ಕೊಳದ ಬಳಿ ಅವಳ ತಂಡದವರು ಬುತ್ತಿ ಬಿಚ್ಚಿದ್ದರು. ಅತ್ತೆಯನ್ನು ಕಾರಿನಲ್ಲಿ ಕಂಡು ಸೊಸೆ ಓಡಿ ಬಂದಳು. ಚೀಲ ಕೈಗೆ ಬಂತು. ಈಗಲಾದರೂ ನಡೆದುಬಿಡುತ್ತೇನೆಂದು ಆ ತಾಯಿ ಹಠ ಹಿಡಿಯುವಳೆಂದು ನಾನು ಅಂಜಿದ್ದೆ. ಆಕೆ ಮುಂದಿನ ಮೆಟ್ಟಿಲುಗಳನ್ನೊಮ್ಮೆ ನೋಡಿ, ತನ್ನ ಕೋಲನ್ನು ಸೊಸೆಯ ಕೈಗಿಟ್ಟು, “ನಾ ಗಾಡ್ಯಾಗ ಬರ್ತೀನಿ. ನನ್ನ ಕೋಲು ನಡೀಲಿ” ಎಂದಳು.

ಅವರು ಹೊರಟರು. ನಾನೂ ಅವರ ಹಿಂದೆ ಒಂದು ನೂರು ಮೆಟ್ಟಿಲು ಹತ್ತಿದೆ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ ಹದಿನಾಲ್ಕನೆಯ ಶತಮಾನದ ಪ್ರೋಲಯ ವೇಮರೆಡ್ಡಿಗೆ ಸಲ್ಲುತ್ತದೆಂದು ಓದಿದ್ದೆ. ಓದಿನಲ್ಲಿ ಎತ್ತರ ತಿಳಿಯುವುದಿಲ್ಲ. ಒಂದೊಂದು ಕಲ್ಲಿನ ಎತ್ತರ ಒಂದೊಂದು ಬಗೆ. ಕೆಲವು ನಡುವೆ ಸವೆದು ನುಣುಪಾಗಿವೆ. ನೂರಕ್ಕೇ ನನಗೆ ಏದುಸಿರು ಬಂತು. ಹೆಗಲಿಗೆ ಗಂಟು ಕಟ್ಟಿಕೊಂಡು ಅವ್ವ ಇದನ್ನು ಎಷ್ಟು ಯುಗಾದಿ ಹತ್ತಿದ್ದಳೋ! ಹಬ್ಬ ಮುಗಿಸಿ ಬಂದ ಮರುದಿನವೇ ಒಲೆ ಹಚ್ಚಿ ನಮಗೆ ರೊಟ್ಟಿ ತಟ್ಟುತ್ತಿದ್ದಳು. ದಾರಿ ಹೇಗಿತ್ತವ್ವ ಎಂದು ನಾನು ಒಮ್ಮೆಯೂ ಕೇಳಿದವನಲ್ಲ. ಆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು ಇಳಿದು ಬಂದೆ. ನನ್ನ ನಡಿಗೆ ಅಷ್ಟೆ.

ಬೈರ್ಲೂಟಿಯ ಗೇಟನ್ನು ನಾವು ದಾಟಿದಾಗ ಒಂಬತ್ತೂವರೆ. ಈ ಸಲ ಬೆಳಗಿನದು. ಹಗಲಿನಲ್ಲಿ ನಲ್ಲಮಲ ಬೇರೆಯೇ ಆಗಿ ಕಂಡಿತು. ತೇಗ ಎಲೆಯುದುರಿಸಿ ನಿಂತಿತ್ತು. ಮುತ್ತುಗದ ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಬಿದಿರ ಮೆಳೆಗಳು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಹೊಳ್ಳಿ ಹೊಳ್ಳಿ ಏರುವ ತಿರುವುಗಳಲ್ಲಿ ಆ ತಾಯಿಗೆ ತಲೆ ಸುತ್ತು ಬಂದು ಮೂರು ಕಡೆ ಕಾರು ನಿಲ್ಲಿಸಿದೆವು. ಶ್ರೀಮತಿ ಅವಳ ಬೆನ್ನು ನೀವಿ, ನಿಂಬೆಹಣ್ಣು ಮೂಸಲು ಕೊಟ್ಟಳು. ನಾನು ಗಡಿಯಾರವನ್ನು ನೋಡಿದ ನೆನಪಿಲ್ಲ.

ದೋರ್ನಾಲ ದಾಟಿ ಮತ್ತೆ ಘಟ್ಟ ಹತ್ತಿ ಶಿಖರೇಶ್ವರಕ್ಕೆ ಬಂದೆವು. ಅಲ್ಲಿ ನಂದಿಯ ಮುಂದೆ ಎಳ್ಳು ಅರ್ಪಿಸಿ, ಅದರ ಕೊಂಬುಗಳ ನಡುವಿನಿಂದ ನೋಡಿ ಶ್ರೀಶೈಲದ ಶಿಖರ ಕಂಡರೆ ಮರುಜನ್ಮವಿಲ್ಲವೆಂಬ ನಂಬಿಕೆ. ನಾನು ಕಣ್ಣು ಕಿರಿದು ಮಾಡಿ ನೋಡಿದೆ; ಬಿಸಿಲಿನ ಮಂಜಿನಲ್ಲಿ ಏನೂ ಕಾಣಲಿಲ್ಲ. ಕಣ್ಣಿನ ಪೊರೆ ಬಂದ ಆ ತಾಯಿ ಮಾತ್ರ ಒಂದೇ ನೋಟಕ್ಕೆ, “ಕಂಡಿತು” ಎಂದು ಕೈಮುಗಿದಳು. ನನಗೆ ಇನ್ನೊಂದು ಜನ್ಮ ಉಂಟೆಂದು ಶ್ರೀಮತಿ ನಕ್ಕಳು. ಹಾಗಿದ್ದರೆ ಆ ಜನ್ಮದಲ್ಲಿ ತಡಮಾಡುವುದಿಲ್ಲ ಎಂದೆ. ಇಬ್ಬರೂ ಮತ್ತೆ ನಗಲಿಲ್ಲ.

ಕ್ಷೇತ್ರದ ಹೊರಗಿರುವ ಸಾಕ್ಷಿ ಗಣಪತಿಯ ಕೈಯಲ್ಲಿ ಲೇಖನಿ, ಪುಸ್ತಕಗಳಿವೆ. ಯಾರು ಯಾರು ಶ್ರೀಶೈಲಕ್ಕೆ ಬಂದರೆಂದು ಆತ ಬರೆದುಕೊಂಡು ಶಿವನಲ್ಲಿ ಸಾಕ್ಷಿ ನುಡಿಯುತ್ತಾನಂತೆ. ಆ ತಾಯಿ ತನ್ನ ಹೆಸರಿನೊಡನೆ ಬೆಟ್ಟ ಹತ್ತುತ್ತಿದ್ದ ಸೊಸೆಯ ಹೆಸರನ್ನೂ ಗಟ್ಟಿಯಾಗಿ ಹೇಳಿದಳು. ಶ್ರೀಮತಿ ನಮ್ಮಿಬ್ಬರ ಹೆಸರು ಹೇಳಿದಳು. ನಾನು ಅವ್ವನ ಹೆಸರನ್ನು ಹೇಳಿದೆ. ಆತನ ಪುಸ್ತಕದಲ್ಲಿ ಅದು ಹಿಂದೆಯೇ ಎಷ್ಟೋ ಬಾರಿ ಬಂದಿದೆ, ಆದರೂ ಹೇಳಿದೆ.

ಧೂಳಿದರ್ಶನವೆಂಬುದು ಈ ಕ್ಷೇತ್ರದ ಹಳೆಯ ರೂಢಿ. ಬಂದವರು ಸ್ನಾನಕ್ಕೂ ಕಾಯದೆ, ದಾರಿಯ ಧೂಳಿನ ಕಾಲಲ್ಲಿಯೇ ಮಲ್ಲಯ್ಯನನ್ನು ಕಾಣುವುದು. ಸರದಿಯಲ್ಲಿ ನಿಂತಾಗ ನಾನು ಶ್ರೀಮತಿಗೆ, “ಕಾರಿನಲ್ಲಿ ಬಂದವರಿಗೆ ಎಲ್ಲಿಯ ಧೂಳು?” ಎಂದೆ. ಅವಳು ಕೆಳಗೆ ನೋಡು ಎಂಬಂತೆ ಕಣ್ಣು ಮಾಡಿದಳು. ನಮ್ಮ ಪಾದಗಳ ಮೇಲೆ, ನನ್ನ ಪಂಚೆಯ ಅಂಚಿನಲ್ಲಿ, ನಾಗಲೂಟಿಯ ಕೆಂಪು ಮಣ್ಣು ಅಂಟಿತ್ತು. ನಮ್ಮದಲ್ಲವೆಂದು ನಾನು ಹೇಳಹೊರಟಿದ್ದ ದಾರಿಯ ಧೂಳು ಅದು. ದೇವರ ಮುಂದೆ ತೋರಿಸಲು ನಮ್ಮ ಬಳಿ ಇದ್ದದ್ದು ಅದೊಂದೇ.

ಮಲ್ಲಿಕಾರ್ಜುನನ ಗುಡಿಯ ಹಿಂದೆ ಮೆಟ್ಟಿಲು ಹತ್ತಿ ಭ್ರಮರಾಂಬೆಯ ಸನ್ನಿಧಿಗೆ ಹೋದೆವು. ಜಮಖಂಡಿಯ ಸೀರೆಯೂ ರಾಜೋಳಿಯ ಸೀರೆಯೂ ಒಂದೇ ತಟ್ಟೆಯಲ್ಲಿ ಸಂದವು. “ಅತ್ತಿಯವರು ಕಳಿಸ್ಯಾರವ್ವಾ” ಎಂದಳು ಶ್ರೀಮತಿ. ಮಗಳ ಮನೆಯಲ್ಲಿ ಮಾತಾಡಿದ ಹಾಗೆ, ಅಷ್ಟು ಸಹಜವಾಗಿ. ನಾನು ಮನಸ್ಸಿನಲ್ಲಿ ಕ್ಷಮೆ ಕೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಸರದಿ ಮುಂದೆ ದೂಡಿತು. ಒಂದೂ ನೆನಪಾಗಲಿಲ್ಲ.

ಆ ತಾಯಿಯನ್ನು ಒಂಟಿಯಾಗಿ ಬಿಟ್ಟು ಹೊರಡಲು ಮನಸ್ಸಾಗದೆ ಅವಳ ತಂಡ ಬರುವ ತನಕ ನಿಂತೆವು. ಮೂರನೆಯ ದಿನ ಕೈಲಾಸದ್ವಾರದ ಹತ್ತಿರ ಕಾಯುತ್ತಿದ್ದಾಗ ಸೊಸೆ ಮೆಟ್ಟಿಲ ಕೊನೆಯಲ್ಲಿ ಕಾಣಿಸಿಕೊಂಡಳು. ಆ ತಾಯಿ ಕುಂಟುತ್ತ ಹೋಗಿ ಮೊದಲು ಕೋಲನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಸೊಸೆಯನ್ನು ಅಪ್ಪಿಕೊಂಡಳು. ನಮ್ಮನ್ನು ಬೀಳ್ಕೊಡುವಾಗ ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, “ನಿಮ್ಮವ್ವ ಪುಣ್ಯಾ ಮಾಡ್ಯಾಳ ತಮ್ಮಾ” ಎಂದಳು. ನಿಜ ಸಂಗತಿಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಆ ಮಾತನ್ನು ಪಡೆಯುವ ಯೋಗ್ಯತೆ ನನಗಿರಲಿಲ್ಲ ಎಂಬುದನ್ನು ಇಲ್ಲಿ, ನನ್ನ ಶಾಲೆಯ ಪುಸ್ತಕದಲ್ಲಿ, ಬರೆದಿಡುತ್ತಿದ್ದೇನೆ.

ಹಿಂದಿರುಗುವಾಗ ಬೇರೆ ದಾರಿ ಹಿಡಿದೆವು. ಸುನ್ನಿಪೆಂಟ, ಅಣೆಕಟ್ಟು, ದೋಮಲಪೆಂಟ, ಮನ್ನನೂರು, ಅಚ್ಚಂಪೇಟೆ. ಉತ್ತರದ ಬಾಗಿಲಾದ ಉಮಾಮಹೇಶ್ವರಕ್ಕೂ ಹೋಗಿ ಬರೋಣ ಎಂದವನು ಈ ಬಾರಿ ನಾನೇ. ಬಂಡೆಯ ಚಾಚಿನ ಕೆಳಗಿನ ಆ ತಣ್ಣನೆಯ ಗುಡಿಯಲ್ಲಿ ಒಂದು ಗಂಟೆ ಕುಳಿತು, ನಾಗರಕರ್ನೂಲು, ವನಪರ್ತಿ, ಗದ್ವಾಲಗಳನ್ನು ಹಾದು ಐಜ ಸೇರಿದಾಗ ನಾಲ್ಕನೆಯ ರಾತ್ರಿ. ಒಂದೂವರೆ ದಿನದ ಲೆಕ್ಕ ನಾಲ್ಕು ದಿನವಾಗಿತ್ತು. ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕು ಉತ್ತರದ ಬಾಗಿಲಿನಿಂದ ಹೊರಬಂದಿದ್ದೆವು.

ಸುತ್ತುದಾರಿಗೂ ತಡಮಾಡುವುದಕ್ಕೂ ನನಗೆ ಬಹಳ ಕಾಲ ವ್ಯತ್ಯಾಸ ಗೊತ್ತಿರಲಿಲ್ಲ. ಸುತ್ತಿ ಹೋದವನು ಹೊತ್ತಾದರೂ ಒಂದು ದಿನ ಮುಟ್ಟುತ್ತಾನೆ. ದಾರಿಯಲ್ಲಿ ಯಾರಾದರೂ ಜೊತೆಯಾಗುತ್ತಾರೆ. ನಾಳೆ ಎಂದವನು ಮನೆಯಲ್ಲಿಯೇ ಇರುತ್ತಾನೆ, ಜೊತೆಗಿದ್ದವರು ಹೋಗಿಬಿಡುತ್ತಾರೆ. ಈ ಸಂಚಿಕೆಯನ್ನು ಓದುವ ಕಿರಿಯರ ಮನೆಗಳಲ್ಲಿಯೂ ‘ಮುಂದಿನ ಯುಗಾದಿಗೆ’ ಎಂದು ಹೇಳಿಸಿಕೊಂಡ ಹಿರಿಯರು ಇರಬಹುದು. ಅವರಿಗೆ ನಾನು ಹೇಳುವುದಿಷ್ಟೆ: ಕಾರು ಬೇಕಾಗಿಲ್ಲ, ಬಸ್ಸಿದೆ.

ಗುರುಗಳೆ, ನೋಡಿ ಬಂದೆ, ಮತ್ತೆ ಬರೆದಿದ್ದೇನೆ. ತಪ್ಪುಗಳಿದ್ದರೆ ಕೆಂಪು ಗೆರೆ ಎಳೆಯಲು ನೀವಿಲ್ಲ. ನೀವು ಅಕ್ಷರ ತಿದ್ದಿಸಿದ ಶಾಲೆಗೆ ಐವತ್ತು ತುಂಬಿದೆ. ಅದರ ಪಡಸಾಲೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಮಕ್ಕಳು ಇನ್ನೂ ಬಹುಕಾಲ ಕನ್ನಡ ಕಲಿಯುತ್ತಿರಲಿ.